ಕಿಟಕಿಯ ತೂತು, ಸಪ್ಪೆ ಊಟ, ನೆಲದ ಮೇಲಿನ 09: ಒಬ್ಬ ಅಮ್ಮನ ವಿಮಾನದ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ಜನವರಿಯಲ್ಲಿ ಮೊದಲ ಸಲ ವಿಮಾನ ಹತ್ತಿದರು. ಬೆಂಗಳೂರಿನಿಂದ ಯುರೋಪಿಗೆ, ಅಲ್ಲಿ ವಿಮಾನ ಬದಲಿಸಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ತಂಗಿಯ ಮನೆಗೆ. ಜುಲೈನಲ್ಲಿ ವಾಪಸ್ ಬಂದರು. ಬಂದಾಗಿನಿಂದ ಪ್ರಶ್ನೆ ಕೇಳುತ್ತಲೇ ಇದ್ದಾರೆ. ಕಿಟಕಿಯಲ್ಲಿ ಸಣ್ಣ ತೂತು ಯಾಕೆ? ಬರುವಾಗ ಕಿಟಕಿ ಸೀಟು ಅಂತ ಕೊಟ್ಟು ಪಕ್ಕದಲ್ಲಿ ಬರೀ ಗೋಡೆ ಇತ್ತಲ್ಲ, ಯಾಕೆ? ಊಟ ಅಷ್ಟು ಸಪ್ಪೆ ಯಾಕೆ? ಸಿಗರೇಟು ಸೇದಬಾರದು ಅಂತ ಬರೆದು ಟಾಯ್ಲೆಟ್ಟಿನಲ್ಲಿ ಆಶ್‌ಟ್ರೇ ಇಡೋದು ಯಾಕೆ? ಇಳಿಯುವಾಗ ಲೈಟು ಆರಿಸಿ ಕಿಟಕಿ ತೆರೆಸೋದು ಯಾಕೆ? ರೆಕ್ಕೆ ಅಲ್ಲಾಡುತ್ತಲ್ಲ, ಮುರಿಯಲ್ವಾ? ಅಮೆರಿಕಕ್ಕೆ ಹೋಗೋಕೆ ಗ್ರೀನ್‌ಲ್ಯಾಂಡ್ ಮೇಲೆ ಯಾಕೆ ಸುತ್ತು? ಬರುವಾಗ ಬೇಗ ಬಂದದ್ದು ಹೇಗೆ? ಬೆಂಗಳೂರಿನಿಂದ ಹೊರಡುವಾಗ ರನ್‌ವೇ ಮೇಲೆ 09 ಅಂತ ದೊಡ್ಡದಾಗಿ ಬರೆದಿತ್ತು, ವಾಪಸ್ ಇಳಿಯುವಾಗ ಸೀಟಿನ ಮುಂದಿನ ಪರದೆಯಲ್ಲಿ 27 ಅಂತ ಕಾಣಿಸಿತು. ಒಂದೇ ಏರ್‌ಪೋರ್ಟ್ ಅಲ್ವಾ? ಇವಕ್ಕೆಲ್ಲ ಕಾರಣ ಇದೆಯಾ, ಸುಮ್ನೆ ಹಾಗೆ ಮಾಡಿದ್ದಾರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನಿಮ್ಮ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಮೂವತ್ತು ವರ್ಷ ವಿಮಾನಗಳ ಮೇಂಟೆನೆನ್ಸ್ ಹ್ಯಾಂಗರ್‌ನಲ್ಲಿ ಕೆಲಸ ಮಾಡಿದ್ದೇನೆ. ಇಷ್ಟು ಚೆನ್ನಾಗಿ ನೋಡಿಕೊಂಡು ಬಂದ ಪ್ರಯಾಣಿಕರು ಕಡಿಮೆ. ವಿಮಾನದಲ್ಲಿ ಸುಮ್ನೆ ಇಟ್ಟ ವಸ್ತು ಒಂದೂ ಇಲ್ಲ. ಹೆಚ್ಚಿಗೆ ಇಟ್ಟ ಒಂದೊಂದು ಗ್ರಾಮಿಗೂ ಇಂಧನ ಖರ್ಚಾಗುತ್ತದೆ. ಹಾಗಿದ್ದೂ ಒಂದು ವಸ್ತು ಅಲ್ಲಿ ಉಳಿದಿದೆ ಅಂದರೆ ಅದರ ಹಿಂದೆ ಗಟ್ಟಿ ಕಾರಣ ಇರಲೇಬೇಕು. ಎಷ್ಟೋ ಸಲ ಆ ಕಾರಣ ಒಂದು ದೊಡ್ಡ ದುರಂತ.

ಕಿಟಕಿಯಿಂದಲೇ ಶುರು ಮಾಡುತ್ತೇನೆ. ಅಮ್ಮ ನೋಡಿದ್ದು ಒಂದೇ ಗಾಜು ಅಲ್ಲ. ನಿಜ ಹೇಳಬೇಕೆಂದರೆ ಅದು ಗಾಜೇ ಅಲ್ಲ, ಅಕ್ರಿಲಿಕ್. ಒಂದರ ಹಿಂದೆ ಒಂದು ಮೂರು ಪದರ ಇರುತ್ತದೆ. ನಮ್ಮ ಕೈಗೆ ಸಿಗುವ ಒಳಗಿನ ಪದರ ಬರೀ ರಕ್ಷಣೆಗೆ. ನಾವು ಹಣೆ ಆನಿಸಿದರೂ ಮಕ್ಕಳು ಗೀಚಿದರೂ ಅಸಲು ಕಿಟಕಿಗೆ ಏನೂ ಆಗಬಾರದು ಅಂತ. ಹೊರಗಿನ ಪದರ ಮತ್ತು ನಡುವಿನ ಪದರವೇ ನಿಜವಾದ ಕಿಟಕಿ. ತೂತು ಇರುವುದು ನಡುವಿನದರಲ್ಲಿ.

35,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಕಾಲು ಭಾಗದಷ್ಟು ಮಾತ್ರ. ಅಲ್ಲಿ ಉಸಿರಾಡಿ ಬದುಕಲು ಆಗದು. ಅದಕ್ಕೇ ವಿಮಾನದ ಒಳಗೆ ಗಾಳಿ ತುಂಬಿ ಒತ್ತಡ ಹೆಚ್ಚಿಸುತ್ತಾರೆ. ಒಳಗಿನ ಗಾಳಿ ಹೊರಕ್ಕೆ ನೂಕುತ್ತಲೇ ಇರುತ್ತದೆ. ಚದರ ಇಂಚಿಗೆ ಸುಮಾರು 8 ಪೌಂಡ್. ಕೇಳಲು ಸಣ್ಣದು. ಆದರೆ ಇಡೀ ಕಿಟಕಿಗೆ ಲೆಕ್ಕ ಹಾಕಿದರೆ ಐನೂರು ಕಿಲೋ ಆಸುಪಾಸು ಆಗುತ್ತದೆ. ನಡುವಿನ ಪದರದ ತೂತಿನ ಮೂಲಕ ಗಾಳಿ ಹಾದು, ಈ ಭಾರವೆಲ್ಲ ಹೊರಗಿನ ಪದರದ ಮೇಲೆಯೇ ಬೀಳುತ್ತದೆ. ನಡುವಿನದು ಆರಾಮಾಗಿ ಕಾಯುತ್ತಾ ನಿಂತಿರುತ್ತದೆ. ಅಕಸ್ಮಾತ್ ಹೊರಗಿನದು ಒಡೆದರೆ ಆಗ ಭಾರ ಹೊರುವುದು ಅದು. ಸಣ್ಣ ತೂತಿನಿಂದ ಒಂದಿಷ್ಟು ಗಾಳಿ ಸೋರಿದರೂ ಕ್ಯಾಬಿನ್ನಿನ ಒತ್ತಡ ಇಳಿಯುವುದಿಲ್ಲ. ಇನ್ನೊಂದು ಉಪಕಾರವೂ ಇದೆ. ಪದರಗಳ ನಡುವಿನ ತೇವ ಆ ತೂತಿನ ಮೂಲಕ ಹೋಗುವುದರಿಂದ ಕಿಟಕಿಗೆ ಮಂಜು ಕಟ್ಟುವುದಿಲ್ಲ. ಕೆಲವೊಮ್ಮೆ ಆ ತೂತಿನ ಸುತ್ತ ಮಾತ್ರ ಐಸ್ ಹರಳು ಹೂವಿನ ಹಾಗೆ ಅರಳಿರುತ್ತದೆ. ಅಷ್ಟು ವರ್ಷ ನೋಡಿದರೂ ನನಗೆ ಅದು ಬೇಸರ ತರಲಿಲ್ಲ.

ಕಿಟಕಿಯ ಮೂಲೆಗಳು ದುಂಡಗಿದ್ದುದನ್ನೂ ಅಮ್ಮ ಗಮನಿಸಿರಬಹುದು. ಅದರ ಕಥೆ ದೊಡ್ಡದು. ಪ್ರಯಾಣಿಕರನ್ನು ಹೊತ್ತ ಜಗತ್ತಿನ ಮೊದಲ ಜೆಟ್ ವಿಮಾನ ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ ಕಾಮೆಟ್. 1952ರ ಮೇ 2ರಂದು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಅದರ ಸೇವೆ ಶುರುವಾಯಿತು. ಜಗತ್ತೇ ಕಣ್ಣರಳಿಸಿ ನೋಡಿತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕೋಲ್ಕತ್ತದಿಂದ ಹೊರಟ ಒಂದು ಕಾಮೆಟ್ ಬಿರುಗಾಳಿ ಮಳೆಗೆ ಸಿಕ್ಕಿ ಚೂರಾಯಿತು. 43 ಜನ ಹೋದರು. ಅದನ್ನು ಬಿರುಗಾಳಿಯ ಲೆಕ್ಕಕ್ಕೆ ಹಾಕಿದರು. ಆದರೆ 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಹತ್ತಿರ ಇನ್ನೊಂದು ಕಾಮೆಟ್ ಸಮುದ್ರಕ್ಕೆ ಬಿತ್ತು. ಏಪ್ರಿಲ್ 8ರಂದು ನೇಪಲ್ಸ್ ಹತ್ತಿರ ಮತ್ತೊಂದು. ಎರಡೂ ಮೇಲೇರುತ್ತಿದ್ದಾಗಲೇ ಆಕಾಶದಲ್ಲಿ ಒಡೆದುಹೋಗಿದ್ದವು.

ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಜ್ಞಾನಿಗಳು ಒಂದು ಇಡೀ ಕಾಮೆಟನ್ನು ನೀರಿನ ತೊಟ್ಟಿಯಲ್ಲಿ ಇಳಿಸಿದರು. ಒಳಗೆ ನೀರು ತುಂಬಿ ಒತ್ತಡ ಹೆಚ್ಚಿಸುವುದು, ಇಳಿಸುವುದು, ಮತ್ತೆ ಹೆಚ್ಚಿಸುವುದು. ಒಂದೊಂದು ಸಲವೂ ಒಂದೊಂದು ಪ್ರಯಾಣಕ್ಕೆ ಸಮ. ಆ ವಿಮಾನ ಮೊದಲೇ ಹಾರಿದ್ದೂ ಸೇರಿ 3,057 ಸಲ ಆಗುವ ಹೊತ್ತಿಗೆ ಅದರ ಮೈ ಸೀಳಿತು. ಸೀಳು ಶುರುವಾದದ್ದು ಕಿಟಕಿಯೊಂದರ ಮೂಲೆಯಲ್ಲಿ. ಸಮುದ್ರದಿಂದ ಎತ್ತಿದ ಎಲ್ಬಾ ವಿಮಾನದ ಚೂರುಗಳಲ್ಲಿ ಬಿರುಕು ಶುರುವಾದದ್ದು ಚಾವಣಿಯ ಮೇಲೆ ಆಂಟೆನಾಕ್ಕಾಗಿ ಕತ್ತರಿಸಿದ್ದ ಕಿಂಡಿಯ ಮೂಲೆಯಲ್ಲಿ. ಬೇಲಿ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಒಂದು ಹೊತ್ತಿಗೆ ಪಟ್ಟನೆ ಮುರಿಯುತ್ತದೆ ನೋಡಿ, ಅದೇ ಇದು. ಲೋಹವೂ ದಣಿಯುತ್ತದೆ. ಮೂಲೆ ಇದ್ದ ಕಡೆ ಒತ್ತಡ ಒಟ್ಟುಗೂಡಿ ಬೇಗ ದಣಿಯುತ್ತದೆ. ಕಾಮೆಟ್ಟಿನದು ಚೌಕ ಕಿಟಕಿ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ಚೌಕ ಅಲ್ಲ, ಮೂಲೆ ಸ್ವಲ್ಪ ದುಂಡಗೇ ಇತ್ತು. ಅಷ್ಟು ದುಂಡು ಸಾಕಾಗಲಿಲ್ಲ, ಅಷ್ಟೇ.

ಕಾಮೆಟ್ ಇನ್ನೊಂದು ವಸ್ತುವಿಗೂ ಕಾರಣವಾಯಿತು. 1953ರಲ್ಲಿ ಅದರ ಅಪಘಾತದ ಬಗ್ಗೆ ನಡೆದ ಚರ್ಚೆಯಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರನ್ ಇದ್ದರು. ಪೈಲಟ್‌ಗಳ ಕೊನೆಯ ಮಾತು ಎಲ್ಲಾದರೂ ರೆಕಾರ್ಡ್ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅವರಿಗೆ ಹೊಳೆಯಿತು. ಅವರ ತಂದೆ ಹೋದದ್ದೂ 1934ರ ಒಂದು ವಿಮಾನ ಅಪಘಾತದಲ್ಲೇ. ಆ ಯೋಚನೆಯೇ ಮುಂದೆ ಬ್ಲ್ಯಾಕ್ ಬಾಕ್ಸ್ ಆಯಿತು. ಹೆಸರಿಗೆ ಕಪ್ಪು, ಬಣ್ಣ ಮಾತ್ರ ಕಡು ಕಿತ್ತಳೆ. ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲಿ ಅಂತ.

ಇನ್ನು ಕಿಟಕಿ ಸೀಟಿನ ಪಕ್ಕ ಗೋಡೆ. ಕಿಟಕಿಗಳು ವಿಮಾನದ ಮೈಯಲ್ಲಿ ಇರುವ ಪಕ್ಕೆಲುಬುಗಳ ನಡುವೆ ಬರುತ್ತವೆ. ಅವುಗಳ ಜಾಗ ಫ್ಯಾಕ್ಟರಿಯಲ್ಲೇ ಖಾಯಂ. ಸೀಟುಗಳು ಹಾಗಲ್ಲ. ನೆಲದ ಮೇಲೆ ಹಳಿ ಇರುತ್ತದೆ. ಎರಡು ಸಾಲಿನ ನಡುವೆ ಎಷ್ಟು ಜಾಗ ಬಿಡಬೇಕು ಅಂತ ಏರ್‌ಲೈನ್‌ನವರು ತೀರ್ಮಾನಿಸಿ ಆ ಹಳಿಯ ಮೇಲೆ ಕೂರಿಸುತ್ತಾರೆ. ಎರಡೂ ಲೆಕ್ಕ ತಾಳೆಯಾಗಬೇಕು ಅಂತ ಇಲ್ಲ. ಕೆಲವು ವಿಮಾನಗಳಲ್ಲಿ ಒಂದೆರಡು ಕಡೆ ಗೋಡೆಯೊಳಗೆ ಏಸಿ ಗಾಳಿಯ ಕೊಳವೆ ಮೇಲೆ ಹೋಗುತ್ತದೆ. ಅಲ್ಲಿ ಕಿಟಕಿಯೇ ಇರುವುದಿಲ್ಲ. ಅಮ್ಮನಿಗೆ ಸಿಕ್ಕಿದ್ದು ಅಂಥ ಸಾಲು ಇರಬೇಕು.

ಊಟದ ವಿಷಯ ನನಗೆ ತುಂಬ ಇಷ್ಟ. ವಿಮಾನದ ಒಳಗಿನ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಆರು ಸಾವಿರದ ಮುನ್ನೂರು ಚಿಲ್ಲರೆ ಅಡಿ. ಅದರ ತುದಿಯಲ್ಲೋ, ಇನ್ನೂ ಮೇಲೆ ಊಟಿಯ ದೊಡ್ಡಬೆಟ್ಟದ ಹತ್ತಿರವೋ ಎಲೆ ಹಾಕಿಕೊಂಡ ಹಾಗೆ ಅಂದುಕೊಳ್ಳಿ. ಬೆಟ್ಟದ ಮೇಲಾದರೆ ಗಾಳಿಯಲ್ಲಿ ತಂಪು, ತೇವ ಇರುತ್ತದೆ. ವಿಮಾನದ ಗಾಳಿ ಮರುಭೂಮಿಯಷ್ಟು ಒಣ. ಮೂಗು ಒಣಗುತ್ತದೆ. ಮೂಗಿಗೆ ಪರಿಮಳ ಸಿಗದಿದ್ದರೆ ನಾಲಿಗೆಗೆ ಅರ್ಧ ರುಚಿ ಸಿಗದು. ನೆಗಡಿ ಬಂದಾಗ ಸಾರು ಸಪ್ಪೆ ಅನಿಸುತ್ತಲ್ಲ, ಹಾಗೆ.

ಜರ್ಮನಿಯ ಲುಫ್ತಾನ್ಸಾ ಕಂಪನಿಯವರಿಗೆ ಒಂದು ವಿಷಯ ವಿಚಿತ್ರ ಅನಿಸಿತ್ತು. ನೆಲದ ಮೇಲೆ ಟೊಮೆಟೊ ಜ್ಯೂಸ್ ಮುಟ್ಟದವರೂ ವಿಮಾನದಲ್ಲಿ ಅದನ್ನೇ ಕೇಳುತ್ತಿದ್ದರು, ಬಿಯರ್‌ನಷ್ಟೇ ಅದೂ ಖರ್ಚಾಗುತ್ತಿತ್ತು. ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆಯವರು ವಿಮಾನದ ತುಂಡೊಂದನ್ನು ಲ್ಯಾಬಿನಲ್ಲಿಟ್ಟು, ಒತ್ತಡ ಇಳಿಸಿ, ಗಾಳಿ ಒಣಗಿಸಿ, ಇಂಜಿನ್ ಸದ್ದು ಹಾಕಿ ಜನರಿಗೆ ಊಟ ಕೊಟ್ಟು ನೋಡಿದರು. ಉಪ್ಪಿನ ರುಚಿ ಶೇಕಡಾ 20ರಿಂದ 30ರಷ್ಟು ಕಡಿಮೆ ಗೊತ್ತಾಗುತ್ತಿತ್ತು. ಸಿಹಿ ಶೇಕಡಾ 15ರಿಂದ 20ರಷ್ಟು ಕಡಿಮೆ. ಹುಳಿ, ಕಹಿ, ಖಾರ ಮಾತ್ರ ಹೆಚ್ಚು ಕಡಿಮೆ ಹಾಗೇ ಇದ್ದವು. ಟೊಮೆಟೊ, ಅಣಬೆಗಳಲ್ಲಿ ಇರುವ ಒಂದು ತುಂಬು ರುಚಿಗೆ ಜಪಾನಿನವರು ಉಮಾಮಿ ಅನ್ನುತ್ತಾರೆ. 1908ರಲ್ಲಿ ಕಿಕುನಾಯೆ ಇಕೆಡಾ ಅನ್ನುವ ರಸಾಯನಶಾಸ್ತ್ರಜ್ಞರು ಇಟ್ಟ ಹೆಸರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ವಿಮಾನದಷ್ಟು ಸದ್ದು ಕೇಳಿಸಿ ಪರೀಕ್ಷೆ ಮಾಡಿದಾಗ ಸಿಹಿ ಕುಗ್ಗಿತು, ಉಮಾಮಿ ಹೆಚ್ಚಿತು. ಜ್ಯೂಸ್ ಯಾಕೆ ಅಷ್ಟು ಹಿಡಿಸಿತು ಅಂತ ಈಗ ಗೊತ್ತಾಯಿತಲ್ಲ.

ಇದರಲ್ಲಿ ನಮಗೆ ಒಳ್ಳೆಯ ಸುದ್ದಿ ಇದೆ. ಹುಳಿಯೂ ಖಾರವೂ ಮೇಲೆ ಹೋದರೂ ಕೆಡುವುದಿಲ್ಲ ಅಂದರೆ ಪುಳಿಯೋಗರೆಗಿಂತ ಒಳ್ಳೆಯ ವಿಮಾನದ ಊಟ ಇನ್ನೊಂದಿಲ್ಲ. ಮುಂದಿನ ಸಲ ಅಮ್ಮ ಪುಳಿಯೋಗರೆ, ಚಟ್ನಿಪುಡಿ ಕಟ್ಟಿಕೊಂಡು ಹೋಗಲಿ. ಇಳಿಯುವ ಮೊದಲೇ ತಿಂದು ಮುಗಿಸಬೇಕು, ತಿಂಡಿ ಒಳಗೆ ತರುವ ಬಗ್ಗೆ ಬೇರೆ ದೇಶಗಳ ನಿಯಮ ಬಿಗಿ. ಕಾಫಿ ಟೀ ಬಗ್ಗೆ ಮಾತ್ರ ಜಾಸ್ತಿ ಆಸೆ ಬೇಡ. ಎಂಟು ಸಾವಿರ ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಎಲೆಯ ಸಾರ ಪೂರ್ತಿ ಇಳಿಯುವುದಿಲ್ಲ.

ಆಶ್‌ಟ್ರೇ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಆಗುವುದಿಲ್ಲ. 1973ರ ಜುಲೈ 11ರಂದು ಬ್ರೆಜಿಲ್‌ನ ವಾರಿಗ್ ಕಂಪನಿಯ ಬೋಯಿಂಗ್ 707 ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಬರುತ್ತಿತ್ತು. ಓರ್ಲಿ ಏರ್‌ಪೋರ್ಟ್ ಇನ್ನು ಕೆಲವೇ ಕಿಲೋಮೀಟರ್ ಇದ್ದಾಗ ಹಿಂದಿನ ಟಾಯ್ಲೆಟ್ಟಿನಲ್ಲಿ ಬೆಂಕಿ ಹೊತ್ತಿತು. ಹೊಗೆ ತುಂಬಿ ಪೈಲಟ್‌ಗಳಿಗೆ ಮುಂದೆ ಏನೂ ಕಾಣದಾಯಿತು. ರನ್‌ವೇ ಮುಟ್ಟಲಾಗದೆ ಹೊಲದಲ್ಲಿ ಇಳಿಸಿದರು. 134 ಜನರಲ್ಲಿ 123 ಜನ ಸತ್ತರು, ಬಹುಪಾಲು ಹೊಗೆಯಿಂದ. ಕಾಗದದ ಕಸದ ಡಬ್ಬಿಗೆ ಬಿದ್ದ ಸಿಗರೇಟಿನ ತುಂಡು ಎಂಥ ಅನಾಹುತ ಮಾಡಬಹುದು ಅಂತ ಆಮೇಲೆ ಎಲ್ಲರೂ ಎಚ್ಚೆತ್ತರು. ಟಾಯ್ಲೆಟ್ಟಿನಲ್ಲಿ ಸೇದುವುದು ನಿಷಿದ್ಧವಾಯಿತು. ಜೊತೆಗೇ ಅಲ್ಲಿ ಆಶ್‌ಟ್ರೇ ಇರಲೇಬೇಕು ಅಂತಲೂ ನಿಯಮ ಬಂತು. ಯಾಕೆಂದರೆ ನಿಯಮ ಮುರಿಯುವವನು ಒಬ್ಬನಾದರೂ ಇರುತ್ತಾನೆ. ಸಿಕ್ಕಿಬೀಳುವ ಹೆದರಿಕೆಯಲ್ಲಿ ಅವನು ತುಂಡನ್ನು ಎಲ್ಲಿ ಹಾಕುತ್ತಾನೆ? ಕೈಗೆ ಸಿಗುವ ಕಡೆ. ಕೈಗೆ ಸಿಗುವುದು ಕಸದ ಡಬ್ಬಿ ಆಗಬಾರದು. ಆಶ್‌ಟ್ರೇ ಇಟ್ಟದ್ದು ಅವನ ಅನುಕೂಲಕ್ಕಲ್ಲ, ಉಳಿದವರ ಜೀವಕ್ಕೆ.

ಲೈಟು ಆರಿಸುವುದು, ಕಿಟಕಿ ತೆರೆಸುವುದೂ ಅದೇ ಕಾಳಜಿಯಿಂದ. ಏರುವಾಗ ಇಳಿಯುವಾಗಲೇ ಅಪಾಯ ಜಾಸ್ತಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಸಿನಿಮಾ ಥಿಯೇಟರಿಗೆ ತಡವಾಗಿ ಹೋದವರಿಗೆ ಗೊತ್ತು. ಏನಾದರೂ ಆದರೆ ಆ ನಿಮಿಷಗಳು ನಮಗೆ ಸಿಗುವುದಿಲ್ಲ, ಹಾಗಾಗಿ ಮೊದಲೇ ಹೊಂದಿಸಿಬಿಡುತ್ತಾರೆ. ಕಿಟಕಿ ತೆರೆದಿದ್ದರೆ ಯಾವ ಕಡೆ ಬೆಂಕಿ ಇದೆ, ಯಾವ ಬಾಗಿಲು ತೆಗೆಯಬಾರದು ಅಂತ ಸಿಬ್ಬಂದಿಗೆ ಕಾಣುತ್ತದೆ. ದೊಡ್ಡ ವಿಮಾನಗಳಿಗೆ ಒಂದು ಪರೀಕ್ಷೆ ಇದೆ: ಅರ್ಧ ಬಾಗಿಲು ಮಾತ್ರ ಬಳಸಿ, ಕತ್ತಲೆಯಲ್ಲಿ, 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಬೇಕು. 2006ರ ಮಾರ್ಚ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಎರಡು ಮಹಡಿಯ ಏರ್‌ಬಸ್ ಎ380ರಿಂದ 873 ಜನ 78 ಸೆಕೆಂಡಿನಲ್ಲಿ ಇಳಿದರು. ನಮ್ಮಲ್ಲಿ ಸೀಟ್‌ಬೆಲ್ಟ್ ಲೈಟು ಆರಿದ ಮೇಲೆ ಬ್ಯಾಗು ಇಳಿಸಿಕೊಳ್ಳಲು ಹಿಡಿಯುವ ಹೊತ್ತು ನೆನೆಸಿಕೊಂಡರೆ ಇದು ಎಂಥ ಸಾಧನೆ ಅಂತ ಗೊತ್ತಾಗುತ್ತದೆ. ಅದಕ್ಕೇ, ತುರ್ತಿನಲ್ಲಿ ಬ್ಯಾಗು ಬಿಟ್ಟು ಓಡಿ ಅಂತ ಅವರು ಅಷ್ಟು ಹೇಳುವುದು. ದಯವಿಟ್ಟು ಕೇಳಿ.

ರೆಕ್ಕೆ ಅಲ್ಲಾಡಬೇಕು. ಅಲ್ಲಾಡದಿದ್ದರೆ ನನಗೆ ಭಯ. ಬಿದಿರು ಗಾಳಿಗೆ ಬಾಗುತ್ತದೆ, ಮುರಿಯುವುದಿಲ್ಲ. ಸೇವೆಗೆ ಬಿಡುವ ಮೊದಲು ರೆಕ್ಕೆಯನ್ನು ಹಗ್ಗ ಜಾಕ್‌ಗಳಿಂದ ಎಳೆದು ನೋಡುತ್ತಾರೆ. ಇಡೀ ಆಯುಷ್ಯದಲ್ಲಿ ಬರಬಹುದಾದ ಅತಿ ಹೆಚ್ಚು ಭಾರದ ಒಂದೂವರೆ ಪಟ್ಟು ಹೊರಬೇಕು. 1995ರಲ್ಲಿ ಬೋಯಿಂಗ್ 777ರ ರೆಕ್ಕೆಯನ್ನು ಮುರಿಯುವ ತನಕ ಎಳೆದರು. ಅದು ಮುರಿದದ್ದು ಆ ಅತಿ ಹೆಚ್ಚು ಭಾರದ ಶೇಕಡಾ 154ರಲ್ಲಿ. 787ರ ಪರೀಕ್ಷೆಯಲ್ಲಿ ರೆಕ್ಕೆ ಸುಮಾರು 25 ಅಡಿ ಮೇಲಕ್ಕೆ ಬಾಗಿತು. ಅಮ್ಮ ನೋಡಿದ್ದು ಅದರ ಮುಂದೆ ಏನೂ ಅಲ್ಲ.

ಗ್ರೀನ್‌ಲ್ಯಾಂಡ್ ಸುತ್ತು ದಾರಿ ಅಂತ ಅನಿಸುವುದು ಗೋಡೆಯ ಮೇಲಿನ ನಕ್ಷೆಯಿಂದ. ಉರುಟು ಭೂಮಿಯನ್ನು ಚಪ್ಪಟೆ ಕಾಗದಕ್ಕೆ ತಂದಾಗ ಉತ್ತರದ ದೇಶಗಳು ಹಿಗ್ಗಿಬಿಡುತ್ತವೆ. ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದಕ್ಕಿಂತ 14 ಪಟ್ಟು ದೊಡ್ಡದು. ಮನೆಯಲ್ಲಿ ಒಂದು ದೊಡ್ಡ ಮೂಸಂಬಿ ತಗೊಳ್ಳಿ. ನಡುವಿಗಿಂತ ಸ್ವಲ್ಪ ಮೇಲೆ, ಎದುರುಬದುರಾಗಿ ಎರಡು ಚುಕ್ಕೆ ಇಡಿ. ಒಂದರಿಂದ ಇನ್ನೊಂದಕ್ಕೆ ದಾರ ಬಿಗಿಯಾಗಿ ಎಳೆಯಿರಿ. ದಾರ ಪಕ್ಕದಿಂದ ಹೋಗುವುದಿಲ್ಲ, ತೊಟ್ಟಿನ ಮೇಲಿಂದ ಹೋಗುತ್ತದೆ. ಅದೇ ಹತ್ತಿರದ ದಾರಿ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಹೆಚ್ಚುಕಡಿಮೆ ಹೀಗೇ ಎದುರುಬದುರು. ಚಳಿಗಾಲದಲ್ಲಿ ಎರಡೂರಿನ ಗಡಿಯಾರಕ್ಕೆ ಹದಿಮೂರೂವರೆ ಗಂಟೆ ವ್ಯತ್ಯಾಸ. 2021ರ ಜನವರಿ 9ರ ಶನಿವಾರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ಉತ್ತರ ಧ್ರುವದ ಮೇಲೆ ಹಾದು, ಎಲ್ಲೂ ಇಳಿಯದೆ, ಸುಮಾರು 17 ಗಂಟೆಯಲ್ಲಿ ಸೋಮವಾರ ನಸುಕಿಗೆ ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಇಳಿದರು. ನೇರ ದೂರವೇ 14,000 ಕಿಲೋಮೀಟರ್ ಹತ್ತಿರ. ಪ್ರಯಾಣಿಕರಿಗೆ ಭಾನುವಾರ ಅನ್ನುವುದು ಆಕಾಶದಲ್ಲೇ ಕಳೆದುಹೋಯಿತು. ಅಷ್ಟು ಉತ್ತರಕ್ಕೆ ಹೋದಾಗ ಪೈಲಟ್‌ಗಳು ಇಂಧನದ ಉಷ್ಣತೆಯ ಮೇಲೂ ಕಣ್ಣಿಡಬೇಕು. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿ ತನಕ ತಡೆಯುತ್ತದೆ, ಅದಕ್ಕೂ ಕೆಳಗೆ ಇಳಿದರೆ ಗಟ್ಟಿಯಾಗತೊಡಗುತ್ತದೆ. ಈ ಕಥೆ ಹೇಳುವಾಗೆಲ್ಲ ನನಗೆ ನಿಮ್ಮ ಪಕ್ಕದ ಬಳ್ಳಾರಿ ನೆನಪಾಗುತ್ತದೆ. ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಸೇವೆಯ ಮೊದಲ ಹಾರಾಟ ಅದು: 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಟಪಾಲು ತಂದರು. ಅಹಮದಾಬಾದಿನಲ್ಲಿ ಇಂಧನದ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬೈಯಿಂದ ಆ ಟಪಾಲನ್ನು ಅವರ ಗೆಳೆಯ ನೆವಿಲ್ ವಿಂಟ್ಸೆಂಟ್ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಒಯ್ದರು.

ಬರುವಾಗ ಬೇಗ ಬಂದದ್ದು ಗಾಳಿಯ ದಯೆ. ಮೂವತ್ತು ನಲವತ್ತು ಸಾವಿರ ಅಡಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂತ ಅದರ ಹೆಸರು. ಪೂರ್ವಕ್ಕೆ ಹೋಗುವ ವಿಮಾನ ಹೊಳೆಯ ಜೊತೆ ತೇಲುತ್ತದೆ, ಪಶ್ಚಿಮಕ್ಕೆ ಹೋಗುವುದು ಎದುರು ಈಜುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯಿಂದ ಆ ಹೊಳೆ ಉಕ್ಕಿದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೋ ಜೆಟ್ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಇನ್ನೂ ಸ್ವಾರಸ್ಯದ್ದು 2016ರಲ್ಲಿ ಏರ್ ಇಂಡಿಯಾ ಮಾಡಿದ್ದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹೋದರು. ದೂರ 15,300 ಕಿಲೋಮೀಟರ್, ಹಳೆಯ ದಾರಿಗಿಂತ 1,400 ಕಿಲೋಮೀಟರ್ ಜಾಸ್ತಿ. ಆದರೂ ಗಾಳಿ ಬೆನ್ನಿಗೆ ಇದ್ದದ್ದರಿಂದ ಹೆಚ್ಚುಕಡಿಮೆ ಎರಡು ಗಂಟೆ ಉಳಿಯಿತು. ವಾಪಸ್ ಬಂದದ್ದು ಅಟ್ಲಾಂಟಿಕ್ ಮೇಲೆ. ಹೋಗಿ ಬರುವಷ್ಟರಲ್ಲಿ ಭೂಮಿಗೆ ಒಂದು ಪೂರ್ತಿ ಪ್ರದಕ್ಷಿಣೆ ಆಯಿತು.

ಕೊನೆಗೆ 09 ಮತ್ತು 27. ಅದು ದಿಕ್ಸೂಚಿಯ ಅಂಕಿ. ಉತ್ತರದಿಂದ ಎಣಿಸಿದರೆ ಪೂರ್ವ 90 ಡಿಗ್ರಿ, ಪಶ್ಚಿಮ 270. ಕೊನೆಯ ಸೊನ್ನೆ ತೆಗೆದರೆ 09, 27. ಪೂರ್ವಕ್ಕೆ ಓಡುವವರಿಗೆ ಕಾಣುವ ತುದಿಯಲ್ಲಿ 09, ಪಶ್ಚಿಮಕ್ಕೆ ಓಡುವವರ ತುದಿಯಲ್ಲಿ 27. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಎರಡನೇ ರನ್‌ವೇ ಬಂದ ಮೇಲೆ ಎಡ ಬಲ ಅಂತ ಅಕ್ಷರವೂ ಸೇರಿತು. ಮಂಗಳೂರಿನದು 06 ಮತ್ತು 24, ಅಂದರೆ ಸ್ವಲ್ಪ ಓರೆ. ಈ ಅಂಕಿ ಯಾವತ್ತಿಗೂ ಅದೇ ಇರುತ್ತದೆ ಅಂತಲೂ ಇಲ್ಲ. ಭೂಮಿಯ ಕಾಂತದ ಉತ್ತರ ನಿಧಾನಕ್ಕೆ ಸರಿಯುತ್ತಿದೆ. ಲಂಡನ್ನಿನ ಸ್ಟ್ಯಾನ್‌ಸ್ಟೆಡ್ ಏರ್‌ಪೋರ್ಟಿನ 05–23 ರನ್‌ವೇಗೆ 2009ರಲ್ಲಿ 04–22 ಅಂತ ಮತ್ತೆ ಬಣ್ಣ ಬಳಿದರು. ರನ್‌ವೇ ಇದ್ದಲ್ಲೇ ಇತ್ತು.

ಯಾವ ತುದಿಯಿಂದ ಓಡಬೇಕು ಅಂತ ಹೇಳುವುದು ಗಾಳಿ. ಗಾಳಿಪಟ ಬಿಡುವ ಹುಡುಗರು ಗಾಳಿಗೆ ಎದುರಾಗಿ ಓಡುತ್ತಾರೆ ಅಲ್ವಾ? ವಿಮಾನವೂ ಹಾಗೇ, ಏರುವಾಗಲೂ ಇಳಿಯುವಾಗಲೂ. ರೆಕ್ಕೆಯ ಮೇಲೆ ಗಾಳಿ ಜೋರಾಗಿ ಹರಿದಷ್ಟೂ ಕಡಿಮೆ ನೆಲ ಸಾಕು. ಅಮ್ಮ ಹೊರಟದ್ದು ಜನವರಿ. ಆಗ ಬೆಂಗಳೂರಿಗೆ ಮೂಡಣ ಗಾಳಿ, ವಿಮಾನ 09ರಿಂದ ಪೂರ್ವಕ್ಕೆ ಓಡಿತು. ಬಂದದ್ದು ಜುಲೈ. ಪರದೆಯಲ್ಲಿ 27 ಕಾಣಿಸಿದಾಗ ಅವರು ಬರುತ್ತಿದ್ದುದು ಪಡುವಣದಿಂದ ಬೀಸುವ ಆಷಾಢದ ಗಾಳಿಗೆ ಎದುರಾಗಿ.